ಹಣೆಯೊಳಗಿನ ಗಾಯಕ್ಕೂ ರಜೆ ಬೇಕು

ಅನಾರೋಗ್ಯ ರಜೆ ಮಂಜೂರು ಮಾಡುವ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ಕಣ್ಣಿಗೆ ಕಾಣದ ಗಾಯ ಗಾಯವೇ ಅಲ್ಲ ಎಂಬ ತಮ್ಮ ಹೊಸ ವೈದ್ಯಶಾಸ್ತ್ರದ ಬಗ್ಗೆ ನನ್ನದೊಂದು ತಕರಾರಿದೆ. ನಾನು ಲ್ಯುಬಿಸಾವ್, ಮೊರಾವಾ ನದಿಯ ದಡದ ನಮ್ಮ ಪಟ್ಟಣದ ಪುರಸಭೆಯ ವಾದ್ಯವೃಂದದಲ್ಲಿ ಟ್ರಂಪೆಟ್ ಊದುವವನು. ಮದುವೆ, ಮಸಣ, ಮಂತ್ರಿಗಳ ಭೇಟಿ, ಮೂರಕ್ಕೂ ಒಂದೇ ಶ್ರದ್ಧೆಯಿಂದ ಊದುತ್ತೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಹಣೆಯ ಸೈನಸ್ಸಿಗೆ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಮೂಗಿಗಿಳಿಯುವ, ಮುಚ್ಚಿಹೋಗಿದ್ದ ದಾರಿಯನ್ನು ಡಾಕ್ಟರ್ ರುಝಿತ್ಸಾ ಮೂಳೆ ಕೊರೆದು ಅಗಲ ಮಾಡಿದರು. ಕೊರೆದ ಮೂಳೆಯನ್ನು ಬರಿದೇ ಬಿಟ್ಟರೆ ಗಾಯ ಮಾಯುವಾಗ ಕಲೆ ಗಟ್ಟಿಯಾಗಿ, ದಾರಿ ಮತ್ತೆ ಮುಚ್ಚಿಕೊಳ್ಳಬಹುದಂತೆ. ಅದಕ್ಕೇ ಮೂಗಿನ ತಳದಿಂದ ಲೋಳೆಪೊರೆಯ ಒಂದು ಚೂರು ತೆಗೆದು ಅಲ್ಲಿಗೆ ಕಸಿ ಮಾಡಿದರು. "ಇದು ಈಗ ತಾನೇ ನೆಟ್ಟ ಸಸಿ ಇದ್ದ ಹಾಗೆ. ಬೇರು ಹಿಡಿಯೋವರೆಗೂ ಸಿಂಬಳ ಸೀಟಬೇಡಿ. ಟ್ರಂಪೆಟ್ ಕಡೆಗಂತೂ ನೋಡ್ಲೂ ಬೇಡಿ," ಎಂದರು. ಆರು ವಾರದ ವಿಶ್ರಾಂತಿ ಬರೆದುಕೊಟ್ಟರು.

ಆ ಚೀಟಿ ಹಿಡಿದು ತಮ್ಮೆದುರು ನಿಂತೆ. ತಾವು ನನ್ನ ಮುಖವನ್ನು, ಸಂತೆಯಲ್ಲಿ ಕಲ್ಲಂಗಡಿ ಆರಿಸುವವರಂತೆ, ಆಚೆ ಈಚೆ ತಿರುಗಿಸಿ ನೋಡಿದಿರಿ.

"ಗಾಯ ಎಲ್ರೀ?"

"ಹಣೆ ಒಳಗಡೆ, ಅಮ್ಮ."

"ತುಟಿಗೇನಾಗಿದೆ?"

"ಏನೂ ಆಗಿಲ್ಲ."

"ಮತ್ತೆ? ಟ್ರಂಪೆಟ್ಟನ್ನ ಮೂಗಲ್ಲಿ ಊದ್ತೀರಾ?"

ಹಿಂದೆ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ತಪ್ಪಾಗಿ ತಿಳಿಯಬೇಡಿ, ಮಾತು ಚೆನ್ನಾಗಿತ್ತು. ಒಂದು ವಾರ ಕೊಟ್ಟು ಕಳಿಸಿದಿರಿ. ತುಟಿ ಬಿಗಿಹಿಡಿದು ಊದುವಾಗ ಒಳಗಿನ ಒತ್ತಡ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ತಮ್ಮ ಅಪ್ಪಣೆಯ ಒಂದು ಪ್ರತಿಯನ್ನು ಆ ಒತ್ತಡಕ್ಕೂ ಕಳಿಸಿದ್ದಿರೇನು?

ಮರುವಾರವೇ ಹೊಸ ಸೇತುವೆಯ ಉದ್ಘಾಟನೆ. ಹಾಜರಾಗದಿದ್ದರೆ ಕೆಲಸ ಹೋಗುತ್ತದೆ, ಊದಿದರೆ ಕಸಿ ಹೋಗುತ್ತದೆ. ಹೆಂಡತಿ ಸ್ಲಾವ್ಕಾ ಕೆಲಸ ಬಿಟ್ಟುಬಿಡು ಎಂದಳು, ಅತ್ತಳು. ಕೊನೆಗೆ ದಾರಿ ತೋರಿಸಿದವನು ನನ್ನ ಹಿಂದಿನ ಸಾಲಿನಲ್ಲಿ ಊದುವ ಎಕ್ರೆಮ್. "ಅಣ್ಣಾ, ನೀನು ಬೆರಳಾಡಿಸ್ತಾ ನಿಂತ್ಕೋ. ಉಸಿರು ನಾನ್ ಕೊಡ್ತೀನಿ," ಎಂದ.

ಹಾಗೇ ಆಯಿತು. ನಾನು ಹುಬ್ಬು ಏರಿಸಿ ನಿಂತೆ, ಅವನು ನನ್ನ ಬೆನ್ನ ಹಿಂದೆ ನಿಂತು ಇಬ್ಬರ ಪಾಲನ್ನೂ ಊದಿದ. ನನ್ನ ಏಕವಾದನದಲ್ಲಿ ಆ ಪುಣ್ಯಾತ್ಮ ತನ್ನದೂ ಒಂದಷ್ಟು ಗಮಕ ಸೇರಿಸಿದ. ನನ್ನ ಬೆರಳುಗಳಿಗೆ ಅವನನ್ನು ಹಿಂಬಾಲಿಸಲು ಆಗದೆ, ಭಾವಪರವಶನಾದವನಂತೆ ಕಹಳೆಯನ್ನು ಆಕಾಶಕ್ಕೆತ್ತಿದೆ. ಮುಗಿದ ಮೇಲೆ ತಾವೇ ಬಂದು ಕೈ ಕುಲುಕಿದಿರಿ. "ಎಷ್ಟೋ ವರ್ಷದಿಂದ ಕೇಳ್ತಿದೀನಿ, ಇಷ್ಟು ಚೆನ್ನಾಗಿ ನೀವು ಯಾವತ್ತೂ ಊದಿರ್ಲಿಲ್ಲ. ನೋಡಿ, ರಜೆ ಬೇಕಿತ್ತಾ?"

ಮಾನ್ಯರೇ, ಶಸ್ತ್ರಚಿಕಿತ್ಸೆಯೂ ನನ್ನನ್ನು ಅಷ್ಟು ನೋಯಿಸಿರಲಿಲ್ಲ.

ಅಲ್ಲಿಗೆ ಮುಗಿಯಿತೇ? "ಊದುವುದನ್ನು ಸ್ವತಃ ಕಂಡಿರುತ್ತೇನೆ" ಎಂದು ಷರಾ ಬರೆದು, ಮೂಗಿನೊಳಗಿನ ಹಕ್ಕಳೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋಗುವ ಅರ್ಧ ದಿನದ ರಜೆಗಳನ್ನೂ ರದ್ದು ಮಾಡಿದಿರಿ. ವೃಂದದ ಮುಖ್ಯಸ್ಥರು ನನ್ನನ್ನು "ಊದುವ ಸಾಮಾನಿನ ದುರಸ್ತಿಗೆ" ಎಂದು ಬರೆದು ಕಳಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಉಳಿದ ವಾರಗಳನ್ನೂ ಎಕ್ರೆಮನ ಉಸಿರಲ್ಲೇ ಕಳೆದು ಕೊನೆಯ ಸಲ ಹೋದಾಗ ಡಾಕ್ಟರ್ ಪರದೆಯ ಮೇಲೆ ಒಳಗಿನದನ್ನು ತೋರಿಸಿದರು. ಕಸಿ ನಸುಗೆಂಪಾಗಿ ಅಂಟಿಕೊಂಡಿತ್ತು, ದಾರಿ ತೆರೆದೇ ಇತ್ತು. "ಹಿಡ್ಕೊಂಡಿದೆ. ಮೊದಲ ವಾರಗಳಲ್ಲಿ ಊದಿದ್ರೆ ಎದ್ದು ಬಂದ್ಬಿಡ್ತಿತ್ತು," ಎಂದರು. ಅಂದು ನಮ್ಮ ಬೀದಿಗೆ ಕಾಲಿಟ್ಟಾಗ ಮನೆಮನೆಯ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳಿಂದ ನನಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಬೇಲಿ ಹಿಡಿದು ನಿಂತುಬಿಟ್ಟೆ. ಕಣ್ಣಲ್ಲಿ ನೀರು ಕಂಡು ಸ್ಲಾವ್ಕಾ ಹೊಗೆ ಎಂದುಕೊಂಡು ಒಲೆಯನ್ನು ಆಚೆ ಸರಿಸಿದಳು.

ಈಗ ನಾನು ನಿಜವಾಗಿಯೇ ಊದುತ್ತಿದ್ದೇನೆ. ನನಗಾಗಿ ಏನನ್ನೂ ಕೇಳುತ್ತಿಲ್ಲ. ಆದರೆ ಬರುವ ಸೋಮವಾರ ಒಬ್ರಾದ್ ಎಂಬಾತ ತಮ್ಮೆದುರು ನಿಲ್ಲುತ್ತಾನೆ. ಅದೇ ಡಾಕ್ಟರು, ಅದೇ ಕಸಿ, ಅವನ ಮುಖದಲ್ಲೂ ಏನೂ ಕಾಣುವುದಿಲ್ಲ. ತುಟಿ ಚೆನ್ನಾಗಿದೆ, ಬೆರಳು ಚೆನ್ನಾಗಿವೆ. ಅವನು ಗಾಜು ಊದುವ ಕೆಲಸದವನು. ಡಾಕ್ಟರು ಬರೆದಷ್ಟು ರಜೆಯನ್ನು ಒಂದು ದಿನವೂ ಕಡಿಯದೆ ಅವನಿಗೆ ಕೊಡಬೇಕೆಂದು ಆಗ್ರಹಿಸುತ್ತೇನೆ. ಕುಲುಮೆಯ ಮುಂದೆ ಬೆರಳಾಡಿಸಿ ನಿಂತರೆ ಹೂಜಿ ಆಗುವುದಿಲ್ಲ.

ಇಂತಿ,
ತಮ್ಮೆದುರು ಇನ್ನೊಮ್ಮೆ ಕಾಯಿಲೆ ಬೀಳುವ ಧೈರ್ಯವಿಲ್ಲದ
ಲ್ಯುಬಿಸಾವ್