ಉಪ್ಪಿನ ಕರ್ಚೀಫು

ದಿನಾಂಕ ೧೪, ಶನಿವಾರ
ಅಡುಗೆಮನೆಯ ಮೇಜಿನಿಂದ, ಮಧ್ಯಾಹ್ನ

ನನ್ನ ಮುದ್ದು ದೊಡ್ಡಮ್ಮಾ,

ನಿನ್ನ ಗೋಡೆಗಳಿಗೆ ಏನೂ ಆಗಿಲ್ಲ! ಪ್ರಾಮಿಸ್, ಏನೂ ಆಗಿಲ್ಲ! ಒಂದು ಹನಿ ನೀರು ಹತ್ತಿಲ್ಲ, ಒಳಗೆ ಏನೂ ಕೊಳೆಯುತ್ತಿಲ್ಲ, ಎರಡು ವರ್ಷದಲ್ಲಿ ಗಾರೆ ಉದುರಿ ನಿನ್ನ ತಲೆಯ ಮೇಲೆ ಬೀಳುವುದೂ ಇಲ್ಲ. ಸೋಮವಾರದಿಂದ ನೀನು ಮಂಚವನ್ನು ಗೋಡೆಯಿಂದ ದೂರ ಎಳೆದುಕೊಂಡು ಕೋಣೆಯ ನಟ್ಟನಡುವೆ ಮಲಗುತ್ತಿದ್ದೀಯಂತೆ. ಮೊದಲು ಅದನ್ನು ಇದ್ದ ಜಾಗಕ್ಕೆ ತಳ್ಳು. ಒಬ್ಬಳೇ ತಳ್ಳಬೇಡ, ಪಕ್ಕದ ಮನೆಯವರನ್ನು ಕರೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನನ್ನು ಪೂರ್ತಿ ಮಾತಾಡಲು ಎಲ್ಲಿ ಬಿಡುತ್ತೀಯ? ಮಧ್ಯದಲ್ಲೇ "ಇರ್ಲಿ ಬಿಡೇ, ಊಟ ಆಯ್ತಾ?" ಎನ್ನುತ್ತೀಯ. ಇದು ಇರಲಿ ಬಿಡು ಎನ್ನುವ ವಿಷಯವಲ್ಲ. ಅಲ್ಲದೆ ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ, ಅದು ನಿನ್ನ ಕೈಗೇ ಸೇರಬೇಕು. ಕಾಗುಣಿತ ತಪ್ಪಿದ್ದರೆ ನಗಬೇಡ. ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿ, ಊರ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದು ಫೀಸು ಕಟ್ಟಿದವಳು ನೀನೇ.

ಮದುವೆಯಾಗಿ ಐವತ್ತಮೂರು ದಿನ. ಇವರು ಸ್ನಾನ ಮಾಡುವಾಗ ಹಾಡುತ್ತಾರೆ, ನನಗೆ ಚಹಾ ಮಾಡಿಕೊಟ್ಟು ಎಬ್ಬಿಸುತ್ತಾರೆ, ನನ್ನ ಚಪ್ಪಲಿ ಕಿತ್ತುಹೋದರೆ ತಾವೇ ಚಮ್ಮಾರನ ಹತ್ತಿರ ಒಯ್ಯುತ್ತಾರೆ ಎಂದೆಲ್ಲ ಹಿಂದಿನ ಮೂರು ಕಾಗದಗಳಲ್ಲಿ ಕುಣಿದು ಕುಣಿದು ಬರೆದಿದ್ದೆ. ಅದೆಲ್ಲ ನಿಜ, ಈಗಲೂ ನಿಜ. ಅದೇ ನನಗೆ ಅರ್ಥವಾಗದೆ ಇರುವುದು. ನಾಚಿಕೆಯಿಂದ ಒಂದು ವಿಷಯ ಮಾತ್ರ ಬರೆದಿರಲಿಲ್ಲ. ಪ್ರತಿ ಸಂಜೆ ಇವರ ಜೇಬಿನಿಂದ ತೆಗೆಯುವ ಕರ್ಚೀಫು ಒಣಗಿ ರಟ್ಟಿನ ಹಾಗೆ ಬಿರುಸಾಗಿರುತ್ತಿತ್ತು, ಮೈತುಂಬ ಬಿಳಿ ಬಿಳಿ ಕಲೆ. ಒಂದು ದಿನ ಒಗೆಯುವ ಮೊದಲು ಅದನ್ನು ತುಟಿಗೊತ್ತಿಕೊಂಡೆ. ಉಪ್ಪೋ ಉಪ್ಪು! ಬೆವರು ಎಂದುಕೊಂಡೆ ದೊಡ್ಡಮ್ಮ. ನನ್ನ ಗಂಡ ಬಿಸಿಲಲ್ಲಿ ಮನೆ ಮನೆ ಅಲೆದು ಬೆವರು ಸುರಿಸಿ ದುಡಿಯುತ್ತಾರೆ ಎಂದು ಬಚ್ಚಲುಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಆಮೇಲಿಂದ ದಿನಾ ಹಾಗೇ ಮಾಡುತ್ತಿದ್ದೆ. ಈಗ ನೆನೆದರೆ ಬಾಯಿಗೆ ಸೋಪು ಹಾಕಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಇವರ ಕೆಲಸ ಏನೆಂದು ನಿನಗೆ ಗೊತ್ತು: ಮನೆ ಬಾಗಿಲಿಗೆ ಹೋಗಿ, ಗೋಡೆಯ ತೇವ ಅಳೆದು, ತೇವ ತಡೆಯುವ ಲೇಪ ಮಾರುವುದು. ಮದುವೆಯಾದ ಎರಡನೆಯ ವಾರದಿಂದ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. "ಒಬ್ಬಳೇ ಮನೇಲಿ ಕೂತು ಏನ್ ಮಾಡ್ತೀಯ, ಬಾ" ಎಂದರು. ನನ್ನನ್ನು ಬಿಟ್ಟಿರಲಾರರು ಎಂದು ನಾನು ಉಬ್ಬಿಹೋದೆ. ಯಾವಾಗಲೂ ಮಧ್ಯಾಹ್ನ ಊಟವಾದ ಮೇಲೆ, ಮನೆಯ ಚಿಕ್ಕವರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತಿಗೆ. ಯಾವಾಗಲೂ ವಯಸ್ಸಾದವರ ಮನೆಗೆ. ಮದುವೆಯಾಗಿ ಇಷ್ಟು ದಿನ ಎಂದು ಇವರು ಹೇಳುತ್ತಿದ್ದ ಹಾಗೆ ಅರ್ಧ ತೆರೆದಿದ್ದ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತಿತ್ತು.

ನಿವೃತ್ತ ಪೋಸ್ಟ್‌ಮನ್ ಒಬ್ಬರ ಮನೆಗೆ ಹೋಗಿದ್ದೆವು. ಅವರ ಹೆಂಡತಿ ನನ್ನ ಗಲ್ಲ ಸವರಿ, ತಮ್ಮ ಮದುವೆಯ ಫೋಟೋ ತೋರಿಸಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಬಿಸ್ಕತ್ತನ್ನೆಲ್ಲ ನನ್ನ ಮುಂದೆ ಸುರಿದರು. ನಾನು ಏಳು ಬಿಸ್ಕತ್ತು ತಿಂದೆ. ಒಂದೊಂದು ಫೋಟೋಗೂ "ಅಯ್ಯೋ, ಎಷ್ಟು ಚೆನ್ನಾಗಿದ್ದೀರಿ ಅಜ್ಜಿ!" ಎಂದೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಇವರ ತೇವ ಅಳೆಯುವ ಯಂತ್ರ ಕೀ ಎಂದು ಕಿರುಚಿತು. ಅಜ್ಜ ಹೊರಬಂದಾಗ ಮುಖ ಬಿಳಿಚಿಹೋಗಿತ್ತು. ಹೆಂಡತಿಗೆ ಕೆಮ್ಮು, ತೇವದ ಗೋಡೆಯೇ ಅದಕ್ಕೆ ಕಾರಣ ಎಂದು ಇವರು ಹೇಳಿದ್ದರು. ಮೊದಲು ಗಮನಿಸಿದ್ದು ಯಾರು ಗೊತ್ತಾ, ಆ ಕೆಮ್ಮನ್ನು? ನಾನು. ಬಾಗಿಲಲ್ಲೇ, "ಪಾಪ, ಅಜ್ಜಿಗೆ ಕೆಮ್ಮು" ಎಂದಿದ್ದೆ.

ಸೋಮವಾರ ನಿನ್ನ ಮನೆಯಲ್ಲಿ ನಡೆದದ್ದು ನಿನಗೇ ಗೊತ್ತು. ಆದರೂ ನಾನು ನೋಡಿದ್ದನ್ನು ಹೇಳುತ್ತೇನೆ. ಊಟ ಮಾಡುತ್ತಲೇ ಇವರು ಮೇಲೆ, ಮೂಲೆಗೆ, ಕಿಟಕಿಯ ಪಕ್ಕಕ್ಕೆ ನೋಡುತ್ತಿದ್ದರು. ಉಂಡ ಮನೆಯ ಜಂತೆ ಎಣಿಸುವುದು ಎಂದು ನೀನು ಯಾರನ್ನೋ ಬೈದಾಗ, ಜಂತೆ ಅಂದರೇನು ಎಂದು ಕೇಳಿ ನಿನ್ನನ್ನು ನಗಿಸಿದ್ದೆನಲ್ಲ! ಈಗ ಕಣ್ಣಾರೆ ಕಂಡೆ. "ಅತ್ತೆ, ಗೋಡೆ ಯಾಕೋ ಸರಿ ಇಲ್ಲ" ಎಂದರು. ನೀನು ಅಂಗೈಯಿಂದ ಗೋಡೆ ಸವರಿದೆ. ಬಟ್ಟೆ ಮುಟ್ಟಿ ಅದರ ನೂಲು ಹೇಳುವ ಕೈ ಅದು. "ತೇವ ಏನೂ ಹತ್ತೋದಿಲ್ವಲ್ಲಪ್ಪ" ಎಂದೆ ನೀನು. ಇವರು ನಕ್ಕು, "ಕೈಗೆ ಹತ್ತೋ ಹೊತ್ತಿಗೆ ಮನೆ ಬಿದ್ದಿರುತ್ತೆ ಅತ್ತೆ" ಎಂದರು. ಧೂಳು ಒರೆಸುತ್ತೇನೆ ಎಂದು ಕರ್ಚೀಫು ತೆಗೆದು ಗೋಡೆಯನ್ನು ಮೆಲ್ಲಗೆ ಒತ್ತಿದರು. ಆಮೇಲೆ ಯಂತ್ರದ ಎರಡು ಸೂಜಿ ಇಟ್ಟರು. ಕೆಂಪು ದೀಪ, ಕೀ ಎಂಬ ಕೂಗು. ನೀನು ನಿನ್ನ ಕೈಯನ್ನೇ ತಪ್ಪು ಮಾಡಿದ ಕೂಸಿನ ಹಾಗೆ ನೋಡಿಕೊಂಡೆ. ಅದನ್ನು ನಾನು ಮರೆಯಲಾರೆ.

ಆಮೇಲೆ ಒಪ್ಪಂದದ ಕಾಗದ ಬಂತು. ನೀನು ಕನ್ನಡಕಕ್ಕೆ ಕೈ ಹಾಕಿದವಳು ಹಾಗೇ ಹಿಂದಕ್ಕೆ ತೆಗೆದುಕೊಂಡೆ. ಯಾಕೆಂದು ಗೊತ್ತು. ಹೊಸ ಅಳಿಯನ ಎದುರು ಕುಳಿತು ಒಂದೊಂದು ಸಾಲು ಓದಿದರೆ ನಂಬಿಕೆ ಇಲ್ಲ ಎಂದಂತಾಗುತ್ತದೆ. ಗಿರಾಕಿ ತಂದ ಅಳತೆಯನ್ನು ಕೂಡ ನಂಬದೆ ಮತ್ತೆ ಟೇಪು ಹಿಡಿಯುವವಳು, ಅಳಿಯನ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದೆ. "ಅಳಿಯ ಅಲ್ಲಪ್ಪ ನೀನು, ಮಗಳ ಗಂಡ" ಎಂದು ತಮಾಷೆ ಬೇರೆ ಮಾಡಿದೆ. ನಾನೇನು ಮಾಡುತ್ತಿದ್ದೆ? ಪಕ್ಕದಲ್ಲಿ ನಿಂತು, "ಹಾಕು ದೊಡ್ಡಮ್ಮ, ಇವರಿಗಿಂತ ಚೆನ್ನಾಗಿ ಯಾರು ಮಾಡಿಸಿಕೊಡ್ತಾರೆ?" ಎನ್ನುತ್ತಿದ್ದೆ.

ಗುರುವಾರ ಸಂಜೆ ಇವರಿಗೆ ಕೆಲಸ ಕಲಿಸಿದ ಹಿರಿಯ ಸೇಲ್ಸ್‌ಮನ್ ಮನೆಗೆ ಬಂದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಈ ತಿಂಗಳು ಇವರದೇ ಎಲ್ಲರಿಗಿಂತ ಹೆಚ್ಚು ವ್ಯಾಪಾರವಂತೆ. ಖುಷಿಯೋ ಖುಷಿ. "ಏನಮ್ಮ, ನಿನ್ನ ಗಂಡನ ಕೈಚಳಕ ನೋಡಿದ್ದೀಯೋ ಇಲ್ವೋ?" ಎಂದು ಮೇಷ್ಟ್ರು ಕೇಳಿದರು. ಇವರು ಎದ್ದು ನಮ್ಮ ಅಡುಗೆಮನೆಯ ಗೋಡೆಗೆ ಯಂತ್ರ ಇಟ್ಟರು. ಹಸಿರು ದೀಪ. ಚೀಲದಿಂದ ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ ತೆಗೆದರು. ಅದರೊಳಗೆ ಉಪ್ಪುನೀರಿನಲ್ಲಿ ಅದ್ದಿ ಹಿಂಡಿದ ಕರ್ಚೀಫು. ಬರೀ ನೀರಿಗಿಂತ ಉಪ್ಪುನೀರಿಗೆ ಯಂತ್ರ ಹೆಚ್ಚು ಕೂಗುತ್ತದಂತೆ. ಒಮ್ಮೆ ಒತ್ತಿದರು, ಸೂಜಿ ಇಟ್ಟರು. ಕೀ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದೊಡ್ಡಮ್ಮ, ನಾನು ಚಪ್ಪಾಳೆ ತಟ್ಟಿದೆ. ಸುಳ್ಳು ಹೇಳುವುದಿಲ್ಲ. ಜಾದೂ ನೋಡಿದ ಮಗುವಿನ ಹಾಗೆ ತಟ್ಟಿದೆ. ಅವರು ಹೋದ ಮೇಲೆ ಲೋಟ ತೊಳೆಯುತ್ತಾ ನಿಂತಾಗ ನಿನ್ನ ಅಂಗೈ ನೆನಪಾಯಿತು. ಅಲ್ಲೇ ಸಿಂಕಿಗೆ ವಾಂತಿ ಮಾಡಿಕೊಂಡೆ. ಇವರು ಬೆನ್ನು ನೀವುತ್ತಾ, "ಏನಾದ್ರೂ ವಿಶೇಷಾನಾ?" ಎಂದು ಕಣ್ಣರಳಿಸಿ ಕೇಳಿದರು. ವಿಶೇಷ ಏನೂ ಇಲ್ಲ, ಹೇಸಿಗೆ ಅಷ್ಟೇ.

ನಿನ್ನೆ ಇವರು ಹೊರಗೆ ಹೋದಾಗ ಇವರ ನೋಟ್‌ಬುಕ್ಕು ತೆಗೆದೆ. ಒಂದೊಂದು ಮನೆಗೆ ಒಂದೊಂದು ಪುಟ. ಅಜ್ಜ ಅಜ್ಜಿಯರ ಹೆಸರು, ಕಿವಿ ಕೇಳುತ್ತದೋ ಇಲ್ಲವೋ, ಮಕ್ಕಳು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಸತ್ತ ಗಂಡನ ಹೆಸರೇನು, ಆ ಹೆಸರು ಎತ್ತಿದರೆ ಅಳುತ್ತಾರೋ. ಸಂತೆಯಲ್ಲಿ ದನದ ಹಲ್ಲು ನೋಡುವವರು ಇದಕ್ಕಿಂತ ಮರ್ಯಾದಸ್ಥರು. ಪೋಸ್ಟ್‌ಮನ್ ಪುಟದಲ್ಲಿ "ಹೆಂಡತಿಯ ಕೆಮ್ಮು" ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಅದರ ಮುಂದೆ ನಿನ್ನ ಪುಟ.

ಅಲ್ಲಿ ಇದ್ದದ್ದು ನನ್ನ ಮಾತುಗಳು. "ಯಾರಿಗೂ ಇಲ್ಲ ಅನ್ನಲ್ಲ." "ಹೊಲಿಗೆ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇದೆ." "ಇವಳು ಖುಷಿಯಾಗಿದ್ದರೆ ಸಾಕು ಅನ್ನುತ್ತಾರೆ." ಮದುವೆಯಾದ ಹೊಸದರಲ್ಲಿ ಇವರ ತೋಳಿನ ಮೇಲೆ ತಲೆಯಿಟ್ಟು ನಿನ್ನ ಬಗ್ಗೆ ಹೇಳಿದ್ದೆ. ನಿನ್ನನ್ನು ಇವರೂ ನನ್ನಷ್ಟೇ ಪ್ರೀತಿಸಲಿ ಎಂದು ಹೇಳಿದ್ದೆ. ಇವರು ಎಷ್ಟು ಗಮನವಿಟ್ಟು ಕೇಳುತ್ತಾರಪ್ಪ ಎಂದು ಬೀಗಿದ್ದೆ. ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದಾರೆ, ತಾರೀಖಿನ ಸಮೇತ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಇವರದೇ ಒಂದು ಸಾಲು: "ಗೋಡೆ ಚೆನ್ನಾಗಿದೆ. ಪೂರ್ತಿ ಮನೆಗೆ ರೇಟು ಹೇಳಬಹುದು."

ಆ ಲೇಪದ ಡಬ್ಬಿಯ ಹೆಸರು ಬರೆದುಕೊಂಡು ಬಣ್ಣದ ಅಂಗಡಿಗೆ ಹೋದೆ. ಅಂಗಡಿಯಾತ ನಗುತ್ತಾ ಅದೇ ಡಬ್ಬಿ ತೋರಿಸಿದ. ಕೂಲಿಯೂ ಸೇರಿ ಎಷ್ಟಾಗುತ್ತದೆ ಎಂದು ಕೇಳಿದೆ. ನಿನ್ನ ಕಾಗದದಲ್ಲಿ ಇರುವುದು ಅದರ ಹದಿನಾಲ್ಕು ಪಟ್ಟು, ದೊಡ್ಡಮ್ಮ. ಅದೂ ಬೇಕಿಲ್ಲದ ಗೋಡೆಗೆ.

ರಾತ್ರಿ ಊಟಕ್ಕೆ ಕುಳಿತಾಗ, ದೊಡ್ಡಮ್ಮನಿಗೂ ಹಾಗೇ ಮಾಡಿದಿರಾ ಎಂದು ಮೆಲ್ಲಗೆ ಕೇಳಿದೆ. ಇವರಿಗೆ ಸಿಟ್ಟು ಕೂಡ ಬರಲಿಲ್ಲ. "ಎಲ್ಲರೂ ಮಾಡೋದೇ ಕಣೇ. ವಯಸ್ಸಾದೋರ ಹತ್ರ ಒಂದು ಗಂಟೆ ಕೂತು ಮಾತಾಡೋರು ಯಾರಿದ್ದಾರೆ ಹೇಳು? ನಾನು ಕೂರ್ತೀನಿ. ಅದಕ್ಕೂ ಬೆಲೆ ಇಲ್ವಾ?" ಎಂದರು. ನನ್ನ ತಟ್ಟೆಗೆ ಪ್ರೀತಿಯಿಂದ ಇನ್ನಷ್ಟು ಬಡಿಸುತ್ತಾ, "ಅದೂ ಅಲ್ದೆ, ನಿಮ್ಮ ದೊಡ್ಡಮ್ಮನ ದುಡ್ಡು ಎಲ್ಲಿಗೆ ಹೋಗುತ್ತೆ? ಕೊನೆಗೆ ನಿನಗೇ ತಾನೇ ಬರೋದು? ಸ್ವಲ್ಪ ಮುಂಚೆ ಬಂತು ಅಂದ್ಕೊ" ಎಂದರು.

ನೀನು ಇನ್ನೂ ಬದುಕಿದ್ದೀಯ, ದೊಡ್ಡಮ್ಮ. ಸೋಮವಾರ ನಮ್ಮನ್ನು ಬೀಳ್ಕೊಡಲು ಬಸ್ ನಿಲ್ದಾಣದ ತನಕ ನಡೆದು ಬಂದೆ. ಆದರೂ ಇವರ ಆ ಮಾತಿಗೆ ನಾನು ನಕ್ಕೆ. ನಗದಿದ್ದರೆ ಇವರಿಗೆ ಅನುಮಾನ ಬರುತ್ತಿತ್ತು.

ಈಗ ಕೇಳು. ಒಪ್ಪಂದದ ಹಿಂದಿನ ಪುಟದಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಒಂದು ಮಾತಿದೆ. ಸಹಿ ಹಾಕಿದ ಹತ್ತು ದಿನದೊಳಗೆ ಬೇಡ ಎಂದು ಬರೆದುಕೊಟ್ಟರೆ, ಕೊಟ್ಟ ಮುಂಗಡವನ್ನೂ ಕಂಪನಿ ಪೂರ್ತಿ ಹಿಂದಿರುಗಿಸಬೇಕು. ನಿನಗೆ ಗುರುವಾರ ಸಂಜೆ ಐದರ ತನಕ ಸಮಯ. ಶುಕ್ರವಾರ ಬೆಳಿಗ್ಗೆ ಕೆಲಸದವರು ಬರುತ್ತಾರೆ, ಆಮೇಲೆ ಏನೂ ಮಾಡುವ ಹಾಗಿಲ್ಲ. ಪೋಸ್ಟ್‌ಮನ್ ಅಜ್ಜನ ಹತ್ತು ದಿನ ಎಂದೋ ಮುಗಿದಿದೆ, ಎಣಿಸಿ ನೋಡಿದೆ. ಅವರ ಮನೆಗೆ ಹೇಗೆ ಹೋಗಲಿ, ಏನೆಂದು ಹೇಳಲಿ, ಇನ್ನೂ ತೋಚಿಲ್ಲ.

ಬೇಡ ಎಂಬ ಪತ್ರವನ್ನು ನಾನೇ ಬರೆದು ಇಟ್ಟಿದ್ದೇನೆ. ನೀನು ಸಹಿ ಹಾಕಬೇಕು. ಕನ್ನಡಕ ಹಾಕಿಕೊಂಡು ಪೂರ್ತಿ ಓದು, ಎರಡು ಸಲ ಓದು. ನನ್ನ ಮುಖ ನೋಡಿಯೂ ಓದದೆ ಸಹಿ ಹಾಕಬೇಡ. ಅಂಚೆಗೆ ಹಾಕಬೇಡ, ತಲುಪಲಿಲ್ಲ ಎಂದುಬಿಡುತ್ತಾರೆ. ನಾನು ಬಂದು, ನಿನ್ನ ಜೊತೆ ಅವರ ಆಫೀಸಿಗೆ ಬಂದು, ಮೊಹರು ಒತ್ತಿಸಿಕೊಂಡೇ ಹೊರಡುತ್ತೇನೆ. ಅಲ್ಲಿಯ ತನಕ ಇವರು ಬೆಳಿಗ್ಗೆ ಫೋನ್ ಮಾಡಿ "ಚೆನ್ನಾಗಿದ್ದೀರಾ ಅತ್ತೆ?" ಎಂದರೆ ಚೆನ್ನಾಗಿದ್ದೇನಪ್ಪ ಎನ್ನು, ಅಷ್ಟೇ.

ನೀನು ಏನು ಹೇಳುತ್ತೀಯ ಎಂದು ನನಗೆ ಗೊತ್ತು. "ಹೋದರೆ ದುಡ್ಡು ಹೋಯ್ತು, ಮಗುವಿನ ಸಂಸಾರ ನೆಟ್ಟಗಿರಲಿ" ಎನ್ನುತ್ತೀಯ. ಹಾಗೆಂದು ಸಹಿ ಹಾಕದೆ ಕೂರುವವಳು ನೀನು, ಅದೇ ನನಗೆ ಭಯ. ಬೇಡ ದೊಡ್ಡಮ್ಮ. ಹೊಲಿಗೆ ತಪ್ಪಿದಾಗ ಮೇಲೆ ಇಸ್ತ್ರಿ ಎಳೆದು ಮುಚ್ಚಿದ್ದಕ್ಕೆ ನೀನು ನನ್ನ ಬೆರಳಿಗೆ ಸ್ಕೇಲಿನಿಂದ ಹೊಡೆದಿದ್ದೆ, ಬಿಚ್ಚಿಸಿ ಮತ್ತೆ ಹೊಲಿಸಿದ್ದೆ. ನೀನು ಸಹಿ ಹಾಕಿದರೆ ನನ್ನ ಸಂಸಾರ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹಾಕದಿದ್ದರೆ ಮಾತ್ರ, ನಿನ್ನ ಮೂವತ್ತು ವರ್ಷದ ಸೂಜಿ ಚುಚ್ಚಿದ ಬೆರಳುಗಳನ್ನು ನಾನು ದಿನಾ ಈ ಮೇಜಿನ ಮುಂದೆ ಕುಳಿತು ಉಣ್ಣಬೇಕಾಗುತ್ತದೆ. ಅದು ನನ್ನಿಂದ ಆಗದು.

ಇವರನ್ನು ಬಿಡುತ್ತೀಯಾ ಎಂದು ಈಗಲೇ ಕೇಳಬೇಡ. ಈಗ ತಾನೇ ಸ್ನಾನದ ಮನೆಯಿಂದ ಹಾಡು ಕೇಳಿಸುತ್ತಿದೆ. ಮೊನ್ನೆಯ ತನಕ ಆ ಹಾಡಿಗೆ ನಾನೂ ದನಿಗೂಡಿಸುತ್ತಿದ್ದೆ. ಇವತ್ತು ಬಾಗಿಲು ಮುಚ್ಚಿ ಬಂದು ಬರೆಯುತ್ತಿದ್ದೇನೆ.

ನಿನ್ನನ್ನು ತಬ್ಬಿಕೊಳ್ಳಲು ಮುಖವಿಲ್ಲದ, ಆದರೂ ತಬ್ಬಿಕೊಳ್ಳುವ,
ನಿನ್ನ ಗಿಲಕಿ

ತಾ.ಕ.: ಒಬ್ಬಳೇ ಹೇಗೆ ಹೊರಡುತ್ತಾಳೆ, ಗಂಡನಿಗೆ ಏನು ಹೇಳಿ ಬರುತ್ತಾಳೆ ಎಂದು ಚಿಂತೆ ಮಾಡಬೇಡ. ಟಿಕೆಟ್ ತೆಗೆಸಿಕೊಟ್ಟವರು ಇವರೇ. ಸಹಿಯಾದ ಮನೆಗೆ ಹತ್ತನೆಯ ದಿನ ಮುಗಿಯುವ ತನಕ ಕಂಪನಿಯ ಕಡೆಯವರು ಯಾರಾದರೂ ಹೋಗಿ ಕುಳಿತು, ಮುದುಕರ ಮನಸ್ಸು ಬದಲಾಗದ ಹಾಗೆ ನೋಡಿಕೊಳ್ಳುವುದು ಇವರ ಪದ್ಧತಿಯಂತೆ. "ನಿನ್ನ ಮಾತಂದ್ರೆ ಅತ್ತೆಗೆ ಪ್ರಾಣ, ನೀನೇ ಹೋಗಿ ಎರಡು ದಿನ ಇದ್ದು ಬಾ" ಎಂದರು. ಹೋಗುತ್ತೇನೆ ಎಂದೆ. ಕಿಟಕಿ ಪಕ್ಕದ ಸೀಟೇ ಹಿಡಿದುಕೊಟ್ಟಿದ್ದಾರೆ. ಬುಧವಾರ, ಬೆಳಗಿನ ಪ್ಯಾಸೆಂಜರ್ ಗಾಡಿ, ಹನ್ನೊಂದು ಹತ್ತಕ್ಕೆ ನಿನ್ನ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.