ಕೆಳಗಿನ ಅಂಗಡಿಯ ಹಾಡುಗಾರ್ತಿ

ಅಕ್ಕಾ,

ಕಾರ್ಡಿನಲ್ಲಿ ಜಾಗ ಕಡಿಮೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಮ್ಮ ಮನೆಯ ಕೆಳಗಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ದಿನಾ ಸಂಜೆ ಒಂದು ಬ್ಯಾಂಡ್ ಪ್ರಾಕ್ಟೀಸ್ ಮಾಡುತ್ತದೆ. ಎರಡು ಗಿಟಾರು, ಒಂದು ಡ್ರಮ್ಮು, ಗಂಟಲು ಕಟ್ಟಿದಂಥ ದನಿಯ ಒಬ್ಬ ಹುಡುಗಿ. ಹಾಡುಗಳೆಲ್ಲ ಅವರೇ ಕಟ್ಟಿದವು. ಇಂಥದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ನಾನು ಜೋಗುಳ ಹಾಡಿದರೆ ಅತ್ತು ಊರು ಒಂದು ಮಾಡುವ ನಮ್ಮ ಪುಟ್ಟ, ಅವಳು ಕಿರುಚಲು ಶುರುಮಾಡಿದರೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಾನೆ! ಹೆತ್ತವಳು ನಾನು, ನಿದ್ದೆಗೆಟ್ಟವಳು ನಾನು. ಅದೇ ಹಾಡನ್ನು ಕದ್ದು ಕಲಿತು ಹಾಡಿದೆ. ಕಣ್ಣು ಬಿಟ್ಟು ಅತ್ತ.

ನಿನ್ನೆ ತಡೆಯಲಾರದೆ ಕೆಳಗಿಳಿದು ಅವಳಿಗೇ ಹೇಳಿಬಿಟ್ಟೆ, “ನೀವು ಹಾಡಿದ್ರೆ ನನ್ನ ಮಗ ಗೊರಕೆ ಹೊಡೀತಾನೆ.”

ಅವಳ ಮುಖ ಇಷ್ಟೇ ಇಷ್ಟಾಯಿತು. “ಅಲ್ರೀ, ಜನ ಎದ್ದು ಕುಣೀಲಿ ಅಂತ ಬರೆದ ಹಾಡು ಅದು!”

ಡ್ರಮ್ಮಿನವನು ನಕ್ಕು ನಕ್ಕು ಕೋಲು ಬೀಳಿಸಿದ. ನನಗೆ ಇಷ್ಟು ಹಾಯೆನಿಸಿ ಎಷ್ಟು ಕಾಲವಾಗಿತ್ತೋ!

ಪುಟ್ಟನ ನೆಗಡಿ ಇಳಿದಿದೆ, ನನ್ನ ತಲೆನೋವು ಹಾಗೇ ಇದೆ. ಅಮ್ಮನಿಗೆ ಮೊದಲನೆಯದನ್ನು ಮಾತ್ರ ಹೇಳು. ಶನಿವಾರ ಅವರ ಮೊದಲ ಕಾರ್ಯಕ್ರಮ. ಪುಟ್ಟನಿಗೆ ಕಿವಿ ಮುಚ್ಚುವ ಟೋಪಿ ಹಾಕಿ, ಮಡಿಲಲ್ಲಿ ಮಲಗಿಸಿಕೊಂಡು, ಆ ಹಾಡುಗಾರ್ತಿಗೆ ಚೆನ್ನಾಗಿ ಕಾಣುವ ಹಾಗೆ ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಅಗೋ, ಎದ್ದ.

ನಿನ್ನ ತಂಗಿ