ಕೆಟಲಿನ ಅಂಗಿ

ಒಳಗೆ ಮುದುರಿಕೊಂಡು ಮಲಗಿರುವ ಪುಟ್ಟ ಗಿರಾಕಿಗೆ,

ನಿನ್ನ ತಾತನ ತುಂಬು ಮನಸ್ಸಿನ ಆಶೀರ್ವಾದ. ನೀನು ಅಲ್ಲಿ ಕ್ಷೇಮವೆಂದು ಡಾಕ್ಟರಮ್ಮ ಹೇಳುತ್ತಾರೆ. ನಾವು ಇಲ್ಲಿ ಕ್ಷೇಮವೆಂದು ನಾನು ಹೇಳುತ್ತಿದ್ದೇನೆ. ಸದ್ಯಕ್ಕೆ ಎರಡನ್ನೂ ನಂಬಿಕೆಯ ಮೇಲೆ ಇಟ್ಟುಕೊಳ್ಳೋಣ, ಮುಖಾಮುಖಿಯಾದ ಮೇಲೆ ತಾಳೆ ನೋಡಿದರಾಯಿತು.

ನಾನು ನಿನ್ನ ಅಮ್ಮನ ಅಪ್ಪ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ದಾರದುಂಡೆ, ಸೂಜಿ, ಗುಂಡಿ, ಎಲಾಸ್ಟಿಕ್ ಮಾರಿದವನು. ಆಮೇಲೆ ಗೋಡೆಗೆ ಆತುಕೊಂಡ ಒಂದು ಸಣ್ಣ ಅಂಗಡಿ, ಆಮೇಲೆ ಬೋರ್ಡು ಹಾಕಿದ ದೊಡ್ಡ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಆಕೆಗೆ ಬೇಕಾಗಿರುವುದೇನು, ಬಾಯಲ್ಲಿ ಕೇಳುವುದೇನು, ಕೊನೆಗೆ ಕೊಂಡು ಹೋಗುವುದೇನು ಎಂದು ಹೇಳಬಲ್ಲೆ. ಈ ಮೂರೂ ಒಂದೇ ಆಗಿರುವುದು ಅಪರೂಪ. ಆದರೆ ಅಷ್ಟೆಲ್ಲ ದಾರ ಮಾರಿದವನು ಮೊನ್ನೆಮೊನ್ನೆಯವರೆಗೆ ಒಂದು ಸೂಜಿಗೂ ದಾರ ಪೋಣಿಸಿದವನಲ್ಲ. ಪೋಣಿಸುವ ಹಾಗೆ ಮಾಡಿದ್ದು ನೀನು. ಅದು ಹೇಗೆ ಎಂದು ಹೇಳುವುದಕ್ಕೇ ಈ ಕಾಗದ.

ನಿನಗಿಂತ ಮುಂಚೆ ಒಬ್ಬರು ಬರಬೇಕಾಗಿತ್ತು. ಬರಲಿಲ್ಲ. ನಿನ್ನ ಅಮ್ಮ ಆಗ ತನ್ನ ಕೈಯಾರೆ ಪುಟ್ಟ ಅಂಗಿ, ಟೋಪಿ, ಕಾಲುಚೀಲ ಎಲ್ಲ ಹೊಲಿದಿಟ್ಟಿದ್ದಳು. ಆಸ್ಪತ್ರೆಯಿಂದ ಬಂದವಳು ಅವನ್ನೆಲ್ಲ ಮಡಚಿ, ಒಂದು ಟವಲ್ಲಿನಲ್ಲಿ ಸುತ್ತಿ, ಬೀರುವಿನ ಮೇಲಿನ ಗೂಡಿಗೆ ಸೇರಿಸಿದಳು. ಹೊಲಿಗೆ ಮಷಿನ್ನಿನ ಮೇಲೆ ಒಂದು ದುಪ್ಪಟಿ ಎಳೆದಳು. ಅಳಲಿಲ್ಲ, ಬೈಯಲಿಲ್ಲ, ಎಷ್ಟೋ ದಿನ ಮಾತೇ ಆಡಲಿಲ್ಲ. ನಾನು ಮಾತಿನಿಂದಲೇ ಬದುಕಿದವನು. ಅಂಥ ಮನೆಯಲ್ಲಿ ಇರುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಈ ಸಲ ನೀನು ಬರುವ ಸುದ್ದಿ ಗೊತ್ತಾದ ದಿನ ಊಟದ ಮೇಜಿನಲ್ಲಿ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಯಾರೂ ಒಂದು ಹೊಲಿಗೇನೂ ಹಾಕ್ಬೇಡಿ. ಏನು ಬೇಕೋ ಆಮೇಲೆ ಅಂಗಡೀಲಿ ತಂದ್ರಾಯ್ತು. ಅದರ ಮಾತೂ ಬೇಡ." ಅದು ಅಂದರೆ ನೀನು. ಅಜ್ಜಿ ತಲೆಯಾಡಿಸಿದಳು. ನಿನ್ನ ಅಪ್ಪ ತಟ್ಟೆ ನೋಡಿದ. ಮೇಲಿನ ಮಹಡಿಯಲ್ಲಿ ಅವರಿಬ್ಬರು, ಕೆಳಗೆ ನಾವಿಬ್ಬರು, ಊಟ ಮಾತ್ರ ಒಟ್ಟಿಗೆ. ಅಂದಿನಿಂದ ಆ ಊಟದಲ್ಲಿ ನಿನ್ನ ಸುದ್ದಿಯೊಂದನ್ನು ಬಿಟ್ಟು ಲೋಕದ ಸುದ್ದಿಯೆಲ್ಲ ಬರತೊಡಗಿತು.

ಸ್ವಲ್ಪ ದಿನಕ್ಕೆ ಅಜ್ಜಿ ದುಪ್ಪಟಿ ತೆಗೆದು ಮಷಿನ್ನಿಗೆ ಎಣ್ಣೆ ಬಿಟ್ಟಳು. "ಮನೇಲಿ ಒರೆಸೋ ಬಟ್ಟೆ ಇಲ್ಲ ಕಣ್ರೀ," ಎಂದಳು. ಇರಲಿ ಎಂದುಕೊಂಡೆ. ನನ್ನ ಹಳೆಯ ಪಂಚೆ, ತೊಳೆದೂ ತೊಳೆದೂ ಬೆಣ್ಣೆಯಂತಾದ ಹಾಸಿಗೆ ಹೊದಿಕೆ, ಎಲ್ಲ ಚೌಕ ಚೌಕವಾಗಿ ಕತ್ತರಿಗೆ ಸಿಕ್ಕವು. ಅಂಗಡಿಯವನ ಕಣ್ಣು ಸುಮ್ಮನಿರುತ್ತದೆಯೇ? ಒಂದನ್ನು ಎತ್ತಿ ತಿರುಗಿಸಿ ನೋಡಿದೆ. ಅಂಚನ್ನು ಎರಡು ಸಲ ಒಳಗೆ ಮಡಚಿ, ಮೂಲೆಯ ಗಂಟನ್ನೂ ಚಪ್ಪಟೆ ಮಾಡಿ, ಎಲ್ಲೂ ಬೆರಳಿಗೆ ತಗುಲದ ಹಾಗೆ ಹೊಲಿದಿದ್ದಳು.

"ಏನೇ, ಹೊಲಿಗೆ ಚುಚ್ಚುತ್ತೆ ಅಂತ ಯಾವ ಮೇಜು ಬಂದು ನಿನ್ ಹತ್ರ ದೂರು ಹೇಳ್ತು?" ಎಂದೆ.

"ಗಾಜು ಒರೆಸೋಕೆ," ಎಂದಳು. "ಗೀರು ಬೀಳಬಾರದಲ್ಲ."

ನಮ್ಮ ಮನೆಯಲ್ಲಿ ಗಾಜೆಂದರೆ ನನ್ನ ಕನ್ನಡಕ, ಆಮೇಲೆ ಒಂದು ಕನ್ನಡಿ. ಅಷ್ಟಕ್ಕೆ ಒಂದು ಕಪಾಟು ಬಟ್ಟೆ. ಈ ಸರಕು ಯಾವ ಗಿರಾಕಿಗೆಂದು ನನಗೆ ತಿಳಿದುಹೋಯಿತು. ತಿಳಿದದ್ದು ಅವಳಿಗೂ ತಿಳಿಯಿತು. ಆದರೆ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೆಲವು ವ್ಯಾಪಾರಗಳನ್ನು ಮಾತಿಲ್ಲದೆ ಕುದುರಿಸಲು ಬರುತ್ತದೆ. ಮಾರನೆಯ ದಿನ ಅಂಗಡಿಯಿಂದ ಅತಿ ನಯವಾದ ಬಿಳಿ ದಾರ ತಂದು ಮಷಿನ್ನಿನ ಪಕ್ಕ ಇಟ್ಟೆ. "ಗಾಜಿಗೆ," ಎಂದೆ. ಅವಳು ಕಣ್ಣಲ್ಲೇ ನಕ್ಕಳು.

ಆಮೇಲೆ ಬಿಸಿ ಪಾತ್ರೆ ಹಿಡಿಯುವ ಕೈಗವಸು ಬಂತು. ಅದರೊಳಗೆ ನನ್ನ ಎರಡು ಬೆರಳು ಹೋದವು, ಅಷ್ಟೇ. ಹೆಬ್ಬೆರಳಿಗೆ ಜಾಗವೇ ಇಲ್ಲ. "ಚಿಕ್ಕ ಪಾತ್ರೆಗೆ," ಎಂದಳು. ಕಿಟಕಿಯ ಪರದೆ ಕಟ್ಟಲು ಪಟ್ಟಿ ಬಂತು, ಅದರ ಮೇಲೆ ಬಾತುಕೋಳಿಗಳ ಸಾಲು. ನಮ್ಮ ಪರದೆಗಳು ಹೊಗೆಯ ಬಣ್ಣದವು, ಬಾತುಕೋಳಿಗೂ ಅವಕ್ಕೂ ಯಾವ ಜನ್ಮದ ಸಂಬಂಧವೂ ಇಲ್ಲ.

ಗುಂಡಿಯ ವಿಷಯಕ್ಕೆ ಮಾತ್ರ ನನಗೆ ಬೇಜಾರಾಯಿತು. ನಾನು ಗುಂಡಿ ಮಾರಿ ಮನೆ ಕಟ್ಟಿದವನು. ಚಿಪ್ಪಿನ ಗುಂಡಿ, ಮರದ ಗುಂಡಿ, ನಕ್ಷತ್ರದಂಥ ಗುಂಡಿ, ಅವಳು ಹೊಲಿಯುತ್ತಿದ್ದ ದಿಂಬಿನ ಚೀಲಕ್ಕೆಂದು ಎಲ್ಲ ಒಂದು ಡಬ್ಬಿಯಲ್ಲಿ ಆರಿಸಿ ತಂದರೆ ಅಜ್ಜಿ ಡಬ್ಬಿಯನ್ನು ಹಾಗೇ ವಾಪಸು ತಳ್ಳಿದಳು. "ಲಾಡಿ ಸಾಕು. ಗುಂಡಿ ಬಾಯಿಗೆ ಹೋಗುತ್ತೆ."

"ದಿಂಬಿನ ಬಾಯಿಗಾ?"

ತಾನು ಏನಂದೆ ಎಂದು ಆಗ ಅರಿವಾಗಿ ಅವಳು ಮಷಿನ್ ಜೋರಾಗಿ ತುಳಿದಳು. ಆ ಸದ್ದಿನಲ್ಲಿ ನನ್ನ ಪ್ರಶ್ನೆ ಮುಳುಗಿತು.

ನನಗೂ ಆಸೆ ಹತ್ತಿತು ನೋಡು. ಕತ್ತರಿಸುವುದು, ಮಡಚುವುದು, ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸುವುದು, ಆಮೇಲೆ ಪಕ್ಕಾ ಮಾಡುವುದು. ಇದೆಲ್ಲ ನನ್ನ ಸರಕಿನಿಂದಲೇ ನಡೆಯುತ್ತಿದ್ದರೂ ನಾನು ಯಾವತ್ತೂ ಬಗ್ಗಿ ನೋಡಿದವನಲ್ಲ. ತರಕಾರಿ ಬುಟ್ಟಿಗೆ ಒಂದು ಮೆತ್ತೆ ಹೊಲಿಯುತ್ತೇನೆಂದು ಘೋಷಿಸಿದೆ. ನಾಲ್ಕು ಬದಿಯನ್ನೂ ನೆಟ್ಟಗೆ, ಒಂದು ಹೊಲಿಗೆ ತಪ್ಪದಂತೆ ಹೊಲಿದು ಮುಗಿಸಿ ಹೆಮ್ಮೆಯಿಂದ ಎತ್ತಿ ಹಿಡಿದೆ. ಹತ್ತಿ ಇನ್ನೂ ನನ್ನ ತೊಡೆಯ ಮೇಲಿತ್ತು. ತುಂಬಲು ಬಾಯಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಅಜ್ಜಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ!

ಬಿಚ್ಚಿ, ತುಂಬಿ, ಮತ್ತೆ ಹೊಲಿದ ಮೆತ್ತೆಯನ್ನು ಬುಟ್ಟಿಗೆ ಹಾಸಿದಾಗ ನಿನ್ನ ಅಪ್ಪ ಕೆಲಸದಿಂದ ಬಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರ, ಎಂಥ ಹೆಲ್ಮೆಟ್ಟೂ ಹಿಡಿಸದಷ್ಟು ದಪ್ಪ ತಲೆ, ಮಾತು ಕಡಿಮೆ. ಮೆತ್ತೆಯನ್ನು ಒತ್ತಿ ನೋಡಿ ಕೇಳಿದ: "ಮಾವ, ಟೊಮೆಟೊಗೆ ದಿಂಬು ಬೇಡ್ವಾ?"

"ನಿನ್ನ ಕೊಕ್ಕೆಗೆ ಏನಾದ್ರೂ ತೂಗುಹಾಕಪ್ಪ ಮೊದಲು," ಎಂದೆ. ಏಕೆಂದರೆ ಅವನೂ ಸುಮ್ಮನಿರಲಿಲ್ಲ. ಬಟ್ಟೆ ಒಣಗಿಸೋಕೆ ಎಂದು ಹೇಳಿ ನಡುಮನೆಯ ಸೂರಿಗೆ ಒಂದು ಕಬ್ಬಿಣದ ಕೊಕ್ಕೆ ಕೂರಿಸಿದ್ದ. ಕೂರಿಸಿ ತಾನೇ ಅದಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ್ದ. ಅಷ್ಟು ಭಾರದ ಬಟ್ಟೆ ಯಾರದು ಎಂದು ನಾವು ಕೇಳಲಿಲ್ಲ.

ಹೀಗೆ ಮನೆಯವರೆಲ್ಲ ಸೇರಿ ನಿನ್ನ ಅಮ್ಮನ ಕಣ್ಣಿಗೆ ಮಣ್ಣೆರಚುತ್ತಿದ್ದೆವು. ಅವಳ ಕೆಲಸವೇನು ಗೊತ್ತೇ? ಅಳೆಯುವುದು. ಹೊಲ, ನಿವೇಶನ, ರಸ್ತೆ ಅಳೆದು ನಕ್ಷೆ ಬರೆಯುವ ಕಚೇರಿಯಲ್ಲಿದ್ದಾಳೆ. ಬೇಲಿ ಒಂದು ಗೇಣು ಆಚೀಚೆ ಸರಿದಿದ್ದರೂ ನಿಂತಲ್ಲೇ ಹೇಳುವವಳು. ಅಂಥವಳು ದಿನವೂ ಮೆಟ್ಟಿಲಿಳಿದು ಬಂದು, ಈ ಬೊಂಬೆಯಳತೆಯ ಸಾಮಾನುಗಳ ನಡುವೆ ಕೂತು ಊಟ ಮಾಡಿ, ಏನೂ ಅನ್ನದೆ ಹತ್ತಿ ಹೋಗುತ್ತಿದ್ದಳು. ನನಗೆ ಒಳಗೊಳಗೇ ಭಯ. ಒಂದು ದಿನ "ನಿಲ್ಲಿಸಿ" ಎಂದುಬಿಟ್ಟರೆ? ಮಷಿನ್ನಿನ ಮೇಲೆ ಮತ್ತೆ ದುಪ್ಪಟಿ ಬಿದ್ದರೆ? ಅವಳು ಮತ್ತೆ ಆ ಮೌನದೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಈ ಸಲ ನಾನು ಯಾವ ಮಾತು ಹಿಡಿದು ಹೊರಗೆ ಕರೆಯಲಿ?

ಹೋದ ಭಾನುವಾರ ಮಧ್ಯಾಹ್ನ ಅಜ್ಜಿಯ ಧೈರ್ಯ ಮಿತಿ ಮೀರಿತು. ಚಹಾ ಆರದಿರಲಿ ಎಂದು ಕೆಟಲಿಗೊಂದು ಹೊದಿಕೆ ಹೊಲಿದಳು. ಇದ್ದುದರಲ್ಲೇ ನಯವಾದ ಬಟ್ಟೆ, ಒಳಗೆ ಅಸ್ತರು, ಬೆನ್ನಿಗೆ ಲಾಡಿ. ಮೇಲೆ ಮುಚ್ಚಳಕ್ಕೆಂದು ದುಂಡಗೆ ಒಂದು ಕಿಂಡಿ. ಅಕ್ಕಪಕ್ಕ ಎರಡು ಕಿಂಡಿ, ಒಂದು ಮೂತಿಗಂತೆ, ಒಂದು ಹಿಡಿಗಂತೆ. ನಮ್ಮ ಕೆಟಲಿನ ಹಿಡಿ ಇರುವುದು ಮೇಲ್ಗಡೆ. ಜೊತೆಗೆ ಆ ಪಕ್ಕದ ಕಿಂಡಿಗಳಿಗೆ ತೋಳೂ ಇದ್ದವು, ಗಿಡ್ಡಕ್ಕೆ. ಇದನ್ನು ನೋಡಿ ನಾನೇ ಬೆವರಿದೆ. "ಲೇ, ತೋಳಾದ್ರೂ ಕಿತ್ತು ಹಾಕೇ," ಎನ್ನುವಷ್ಟರಲ್ಲಿ ನಿನ್ನ ಅಮ್ಮ ಕೆಳಗಿಳಿದು ಬಂದು ಮೇಜಿನ ಮುಂದೆ ನಿಂತಿದ್ದಳು.

ಮಷಿನ್ ನಿಂತಿತು. ನಿನ್ನ ಅಪ್ಪ ಕೊಕ್ಕೆಯ ಕಡೆ ನೋಡತೊಡಗಿದ. ಅವಳು ಅದನ್ನು ಎತ್ತಿಕೊಂಡಳು. ಒಳಗೆ ಕೈ ಹಾಕಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆನ್ನಿನ ಲಾಡಿ ಎಳೆದು ನೋಡಿದಳು. ಮೇಲಿನ ಕಿಂಡಿಯನ್ನು ಎರಡು ಕೈಯಿಂದ ಅಗಲಿಸಿ, ಕಣ್ಣು ಕಿರಿದು ಮಾಡಿ, ಬೇಲಿ ನೋಡುವ ಹಾಗೆ ನೋಡಿದಳು.

"ಅಮ್ಮ, ಕತ್ತು ಸಣ್ಣದಾಯ್ತು."

ಅಜ್ಜಿ ಕೆಟಲಿನ ಕಡೆ ಕೈ ತೋರಿಸಿದಳು. "ಮುಚ್ಚಳ ಅಷ್ಟೇ ಅಲ್ವೇನೇ ಇರೋದು..."

"ಈ ಕೆಟಲಿನ ಅಪ್ಪನ ತಲೆ ನೋಡಿದೀಯಲ್ಲ? ಇದರಲ್ಲಿ ಹೇಗೆ ತೂರುತ್ತೆ? ಹೆಗಲ ಹತ್ರ ಬಿಚ್ಚು. ಅಲ್ಲೊಂದು ಲಾಡಿ ಇಡೋಣ."

ನಿನ್ನ ಅಪ್ಪ ಮೆಲ್ಲಗೆ ತನ್ನ ತಲೆ ಮುಟ್ಟಿಕೊಂಡ. ಯಾರೂ ನಗಲಿಲ್ಲ. ನಕ್ಕರೆ ಏನಾದರೂ ಒಡೆದುಹೋದೀತು ಎನ್ನುವಂತಿತ್ತು.

ಅಜ್ಜಿ ಸ್ಟೂಲಿನ ಮೇಲೆ ಪಕ್ಕಕ್ಕೆ ಸರಿದಳು. ನಿನ್ನ ಅಮ್ಮ ಕೂತಳು. ಆದರೆ ಮಧ್ಯದಲ್ಲಿ ನೀನು! ನಿನ್ನಿಂದಾಗಿ ಅವಳಿಗೆ ಮಷಿನ್ನಿನ ಹತ್ತಿರ ಹೋಗಲಾಗದು, ಕಾಲೂ ಎಟುಕದು. ಹಾಗಾಗಿ ಅಜ್ಜಿಯ ಕಾಲು ತುಳಿಯಿತು, ಓರೆಯಾಗಿ ಕೂತ ನಿನ್ನ ಅಮ್ಮನ ಕೈ ಬಟ್ಟೆ ನಡೆಸಿತು. ಸ್ವಲ್ಪ ದೂರ ಹೊಲಿದವಳು ಥಟ್ಟನೆ ಕೈಯೆತ್ತಿದಳು. ಅಜ್ಜಿಯ ಕಾಲು ನಿಂತಿತು.

"ನಿಲ್ಸಬೇಡಮ್ಮ, ತುಳಿ," ಎಂದಳು. "ಮಷಿನ್ ಸದ್ದಿಗೆ ಒದೀತಿದೆ."

ಅವಳು ನಿನ್ನ ಸುದ್ದಿಯನ್ನು ನಮ್ಮೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಜ್ಜಿ ತುಳಿದಳು ನೋಡು, ದಾರ ಮುಗಿದು ಬರೀ ಸೂಜಿ ಓಡುತ್ತಿದ್ದರೂ ತುಳಿದಳು. ನಿನ್ನ ಅಪ್ಪ ನೆಲದ ಮೇಲೆ ಕೂತು ಹೊಟ್ಟೆಗೆ ಕಿವಿ ಕೊಟ್ಟ. ನನಗೂ ಕಿವಿ ಕೊಡುವ ಆಸೆ. ಸರದಿಯಲ್ಲಿ ಹಿಂದೆ ನಿಂತೆ.

ಈಗ ನಿನ್ನನ್ನು ಕೇಳಬೇಕಾದದ್ದು ಬೇಕಾದಷ್ಟಿದೆ. ಆ ಸದ್ದು ಒಳಗೆ ಹೇಗೆ ಕೇಳಿಸುತ್ತದೆ? ಅಜ್ಜಿ ತುಳಿದರೆ ಒಂದು ತರ, ನಾನು ತುಳಿದರೆ ಇನ್ನೊಂದು ತರ ಗೊತ್ತಾಗುತ್ತದೆಯೇ? ನೀನು ಒದೆಯುವುದು ಖುಷಿಗೋ, ಗಲಾಟೆ ಸಾಕು ಎಂದೋ? ಎಡಗಾಲೋ ಬಲಗಾಲೋ? ಬೀದಿ ಬೀದಿ ಸುತ್ತಿ ಎಂತೆಂಥ ಗಿರಾಕಿಗಳನ್ನೋ ನೋಡಿದ್ದೇನೆ. ಏನೂ ಅಂದಾಜು ಸಿಗದ ಗಿರಾಕಿ ಎಂದರೆ ನೀನೇ. ಬೆಳಿಗ್ಗೆ ಎದ್ದರೆ ಅದೇ ಕುತೂಹಲ, ಹಲ್ಲುಜ್ಜುವಾಗಲೂ ಅದೇ.

ಭಯ ಹೋಯಿತೆಂದು ಹೇಳಲಾರೆ. ನಿನ್ನ ಅಮ್ಮ ಈಗಲೂ ಮೆಟ್ಟಿಲಲ್ಲಿ ನಿಂತು ನಿಂತು ಇಳಿಯುತ್ತಾಳೆ, ನಾವೂ ಉಸಿರು ಹಿಡಿದು ನೋಡುತ್ತೇವೆ. ಆದರೆ ಇವತ್ತು ಬೆಳಿಗ್ಗೆ ಕಚೇರಿಗೆ ಹೊರಟವಳು ಬಾಗಿಲಲ್ಲಿ ತಿರುಗಿ, "ಅಪ್ಪ, ಹಳದಿ ದಾರ ಇದ್ರೆ ತಾ," ಎಂದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಅವಳೂ ಮೇಜಿಗೆ, ಗಾಜಿಗೆ, ಕೆಟಲಿಗೆ ಎನ್ನಲಿಲ್ಲ.

ನೀನು ನಿನ್ನ ಹೊತ್ತು ನೋಡಿಕೊಂಡು ಬಾ, ಅವಸರವಿಲ್ಲ. ದೊಗಲೆಯಾದರೆ ಒಳಗೆ ಮಡಚುತ್ತೇವೆ, ಬಿಗಿಯಾದರೆ ಬಿಚ್ಚುತ್ತೇವೆ, ಬಿಚ್ಚುವುದರಲ್ಲಿ ನನಗೀಗ ಒಳ್ಳೆಯ ಅಭ್ಯಾಸವಿದೆ. ನೂರು ಕಾಲ ಬಾಳು. ಯಾವ ಅಳತೆಯಲ್ಲಿ ಬಂದರೂ ಈ ಮನೆಗೆ ಅದೇ ಸರಿಯಾದ ಅಳತೆ.

ಕಿವಿ ಕೊಡುವ ಸರದಿಗೆ ಕಾದು ನಿಂತಿರುವ,
ನಿನ್ನ ದಾರದಂಗಡಿ ತಾತ